ಕಾಫಿ, ಮಾತ್ರೆ ಬೇಡ

ಕರಡಪ್ಪನ ಪ್ಯಾಂಟು ಸೊಂಟದಲ್ಲಿ ಸಡಿಲವಾದದ್ದು ಒಂದು ಸೋಮವಾರ ಬೆಳಗ್ಗೆ. ಇದೇ ಘಟನೆ ನಿಮ್ಮ ಮನೆಯಲ್ಲಿ ನಡೆದಿದ್ದರೆ ನೀವು ಬೆಲ್ಟು ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದಿರಿ. ಕರಡಪ್ಪ ಹಾಗೆ ಸುಮ್ಮನೆ ಹೋಗುವ ಆಸಾಮಿಯಲ್ಲ. ಸೊಂಟಪಟ್ಟಿಗೆ ಎರಡೂ ಹೆಬ್ಬೆರಳು ಸಿಕ್ಕಿಸಿ, ಮುಂದಕ್ಕೆ ಎಳೆದು, ಆ ಸಂದಿಯೊಳಗೆ ಒಮ್ಮೆ ಇಣುಕಿ ನೋಡಿ, ಹಾಗೇ ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿದ.

"ನೋಡಿದ್ಯಾ! ಕರಗಿದೀನಿ ಕಣೇ! ಸೌತೆಕಾಯಿ ಸಿಪ್ಪೆ ನೀರು ಕುಡಿತೀನಿ ಅಂದಾಗ ನಕ್ಕೆಯಲ್ಲ, ಈಗ ನಗು!"

ಹೆಂಡತಿ ನಗಲಿಲ್ಲ. ಪ್ಯಾಂಟು ನೋಡಿದಳು, ಗಂಡನ ಮುಖ ನೋಡಿದಳು, "ಹೂಂ, ಸ್ವಲ್ಪ ಇಳಿದ ಹಾಗಿದೆ" ಎಂದು ಒಲೆಯ ಕಡೆ ತಿರುಗಿಬಿಟ್ಟಳು. ನಿಜ ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ಹಿಂದಿನ ವಾರ ಆ ಪ್ಯಾಂಟಿನ ಗುಂಡಿ ಕಿತ್ತು ಹಾರಿ ಹೋಗಿ ಗಂಡ ಕನ್ನಡಿ ಮುಂದೆ ಸಪ್ಪೆ ಮುಖ ಹಾಕಿಕೊಂಡು ನಿಂತದ್ದನ್ನು ನೋಡಲಾರದೆ, ಅವಳೇ ಅದನ್ನು ಬೀದಿಯ ಕೊನೆಯ ಟೈಲರಿಗೆ ಕೊಟ್ಟು ಒಳಮಡಿಕೆ ಬಿಚ್ಚಿಸಿ ಎರಡು ಬೆರಳು ಅಗಲ ಮಾಡಿಸಿದ್ದಳು. ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದೂ ಉಂಟು. ಆದರೆ ಮದುವೆಯಾದ ಮೇಲೆ ಆ ಮುಖದಲ್ಲಿ ಅಷ್ಟು ಸಂತೋಷ ಕಂಡದ್ದೇ ಇಲ್ಲ. ಹೋಗಲಿ ಪಾಪ ಎಂದು ಸುಮ್ಮನಾದಳು. ಆ 'ಹೋಗಲಿ ಪಾಪ' ಮುಂದೆ ಒಂದು ಜೀವಕ್ಕೇ ಸಂಚಕಾರ ತರುತ್ತದೆಂದು ಗೊತ್ತಿದ್ದರೆ ಒಲೆಯ ಮೇಲಿದ್ದ ಪಾತ್ರೆಯಿಂದಲೇ ಅವನ ತಲೆಗೊಂದು ಕೊಟ್ಟು ನಿಜ ಹೇಳುತ್ತಿದ್ದಳು.

ಕರಡಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಅಚ್ಚಾಗುವ ಮೊದಲು ಹಾಳೆಯನ್ನು ಓದಿ ಎಲ್ಲಿ ಒತ್ತು ಬಿಟ್ಟಿದೆ, ಎಲ್ಲಿ ದೀರ್ಘ ಹೆಚ್ಚಾಗಿದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕುವುದು ಅವನ ಹೊಟ್ಟೆಪಾಡು. ಈ ಕಸುಬಿನಲ್ಲಿ ಅವನಿಗೊಂದು ಸಿದ್ಧಾಂತವಿತ್ತು. ಕರಡು ತಿದ್ದುವವನು ಅರ್ಥದ ಗೊಡವೆಗೆ ಹೋಗಬಾರದು. ಅರ್ಥದ ಹಿಂದೆ ಮನಸ್ಸು ಹೋದರೆ ಅಕ್ಷರ ಕಣ್ತಪ್ಪುತ್ತದೆ. ಹೀಗಾಗಿ ಅವನು ಕಾನೂನು, ವೈದ್ಯ, ಖಗೋಳ, ತೋಟಗಾರಿಕೆ ಎಲ್ಲದರ ಮೇಲೂ ದಪ್ಪ ದಪ್ಪ ಪುಸ್ತಕ ಓದಿದ್ದ, ಯಾವುದರಲ್ಲೂ ಏನೂ ಗೊತ್ತಿರಲಿಲ್ಲ. ಇಂಥವನನ್ನು ಆ ಸೋಮವಾರದಿಂದ ಜನ ಆರೋಗ್ಯದ ಬಗ್ಗೆ ಸಲಹೆ ಕೇಳತೊಡಗಿದರು. ಕೇಳುವವರು ಸಿಗದ ದಿನ ಅವನೇ ಮೆಟ್ಟಿಲ ಬಳಿ ನಿಂತು ಹೆಬ್ಬೆರಳು ಸಿಕ್ಕಿಸಿ ಪ್ಯಾಂಟು ಎಳೆದು ತೋರಿಸುತ್ತಿದ್ದ.

ಎಲ್ಲರಿಗೂ ಬಾಯಲ್ಲಿ ಹೇಳಿ ಸಾಕಾಯಿತು ಎಂಬ ನೆಪ ಮಾಡಿಕೊಂಡು, ಅಚ್ಚುಕೂಟದಲ್ಲಿ ಉಳಿದ ತುಂಡು ಕಾಗದದ ಮೇಲೆ ಒಂದು ಕರಪತ್ರ ಮಾಡಿಸಿದ. ಬೆಳಗ್ಗೆ ಬರೀ ಹೊಟ್ಟೆಗೆ ಸೌತೆಕಾಯಿ ಸಿಪ್ಪೆ ನೆನೆಸಿದ ನೀರು ಒಂದು ಲೋಟ ಕುಡಿಯಬೇಕು, ತೂಕ ಇಳಿಯುತ್ತದೆ, ರಕ್ತ ಶುದ್ಧವಾಗುತ್ತದೆ, ಮಂಡಿನೋವು ಹೋಗುತ್ತದೆ. ರಕ್ತ ಮತ್ತು ಮಂಡಿ, ಕಾಗದದಲ್ಲಿ ಜಾಗ ಉಳಿದದ್ದರಿಂದ ಸೇರಿಕೊಂಡವು. ಕೊನೆಗೆ ಒಂದು ಎಚ್ಚರಿಕೆ: 'ಈ ನೀರು ಕುಡಿಯುವವರಿಗೆ ಕಾಫಿ ಮಾತ್ರ ಬೇಡ.' ಕೆಳಗೆ ಅವನ ಹೆಸರು. ಜೀವಮಾನವಿಡೀ ಬೇರೆಯವರ ಹೆಸರಿನ ದೀರ್ಘ ಒತ್ತು ತಿದ್ದಿದವನ ಸ್ವಂತ ಹೆಸರು ಅಚ್ಚಾದದ್ದು ಅದೇ ಮೊದಲು.

ಒಂದೊಂದೇ ಅಚ್ಚುಮೊಳೆ ಜೋಡಿಸುವ ಕಾಲ ಹೋಯಿತು, ಈಗ ಕಂಪ್ಯೂಟರಿನಲ್ಲಿ ಒಬ್ಬಾಕೆ ಟೈಪು ಮಾಡುತ್ತಾಳೆ. ಅವಳ ಬೆರಳು ಜಾರಿ 'ಮಾತ್ರ' ಹೋಗಿ 'ಮಾತ್ರೆ' ಆಯಿತು. ಕರಡು ಕರಡಪ್ಪನ ಮೇಜಿಗೇ ಬಂತು. ತನ್ನ ಬರಹವೆಂದು ಅವನೇನೂ ರಿಯಾಯಿತಿ ತೋರಿಸಲಿಲ್ಲ, ಸಿದ್ಧಾಂತದ ಪ್ರಕಾರವೇ ಓದಿದ. 'ಕಾಫಿ ಮಾತ್ರೆ ಬೇಡ.' ಕಾಫಿ, ಸರಿಯಾದ ಪದ. ಮಾತ್ರೆ, ಸರಿಯಾದ ಪದ. ಆದರೆ ಎರಡು ನಾಮಪದಗಳು ನಡುವೆ ಏನೂ ಇಲ್ಲದೆ ಅಕ್ಕಪಕ್ಕ ನಿಂತಿವೆಯಲ್ಲ! ಕೆಂಪು ಪೆನ್ನು ತೆಗೆದು ಎರಡರ ಮಧ್ಯೆ ಅಚ್ಚುಕಟ್ಟಾಗಿ ಒಂದು ಅಲ್ಪವಿರಾಮ ಹಾಕಿದ. ಆ ಅಲ್ಪವಿರಾಮದ ಬಗ್ಗೆ ಊಟದ ಹೊತ್ತಿನಲ್ಲಿ ಇಬ್ಬರಿಗೆ ಹೇಳಿಕೊಂಡದ್ದೂ ಉಂಟು.

ಕರಪತ್ರ ಅವನ ಕಟ್ಟಡದ ಮನೆಮನೆಗೂ ಹೋಯಿತು. ಫಲ ಸಿಕ್ಕ ವೇಗ ನೋಡಿದರೆ ವೈದ್ಯರೆಲ್ಲ ನಾಚಬೇಕು. ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್, ನಿವಾಸಿಗಳ ಸಂಘದ ಅಧ್ಯಕ್ಷರು, ಎರಡನೇ ದಿನವೇ ಮಂಡಿನೋವು ಹೋಯಿತೆಂದು ಸಾರಿದರು. ಅವರು ಅದೇ ವಾರ ಹೊಸ ಮೆತ್ತನೆ ಚಪ್ಪಲಿ ಕೊಂಡಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಎದುರುಮನೆಯ ಸಂಗೀತದ ಟೀಚರಿಗೆ ಗಂಟಲು ತಿಳಿಯಾಯಿತು, ಶಾಲೆಗೆ ರಜೆ ಬಂದಿತ್ತು. ಕೆಳಗಿನ ಔಷಧಿ ಅಂಗಡಿಯವರು ಮಾತ್ರ ಒಂದು ಸಂಜೆ ಕರಪತ್ರ ಹಿಡಿದುಕೊಂಡು ಬಂದು, "ಸಾರ್, ಈ ಕೊನೇ ಸಾಲು ಒಂದು ಸಲ ನೋಡಿ..." ಎಂದು ಶುರು ಮಾಡಿದರು.

"ಗೊತ್ತು ಗೊತ್ತು," ಎಂದ ಕರಡಪ್ಪ. "ನಿಮ್ಮ ವ್ಯಾಪಾರಕ್ಕೆ ಹೊಡೆತ ಬಿತ್ತು. ನಾನೇನು ಮಾಡಲಿ, ಜನಕ್ಕೆ ಆರೋಗ್ಯ ಬೇಕು."

"ಅಲ್ಲ ಸಾರ್, ಮಾತ್ರೆ ಅಂತ..."

"ಹೊಟ್ಟೆಯುರಿಗೂ ಸಿಪ್ಪೆ ನೀರು ಒಳ್ಳೇದು. ಕುಡೀರಿ." ಬಾಗಿಲು ಹಾಕಿಕೊಂಡ.

ಅಧ್ಯಕ್ಷರು ಸಭೆ ಸೇರಿಸಿ, ಕರಡಪ್ಪನಿಗೆ ಕಟ್ಟಡದ ಸಭಾಂಗಣದಲ್ಲಿ ಸನ್ಮಾನ ಆಗಲೇಬೇಕೆಂದು ಠರಾವು ಮಾಡಿದರು. ಸನ್ಮಾನದ ದಿನ ಸಂಜೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅದೇ ಪ್ಯಾಂಟು ಹಾಕಿ, ಕನ್ನಡಿ ಮುಂದೆ 'ನಾನೇನು ದೊಡ್ಡವನಲ್ಲ' ಎಂದು ಅಭ್ಯಾಸ ಮಾಡುತ್ತಿದ್ದಾಗ ಅವನ ಅಕ್ಕ ಬಂದಳು.

ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಈ ಅಕ್ಕ. ಎರಡು ಬೀದಿ ಆಚೆ ಅವಳ ಮನೆ, ಕರಪತ್ರ ಅಲ್ಲಿಗೂ ಹೋಗಿತ್ತು. ಭಾವ ಕೆಲಸದ ಮೇಲೆ ಪರ ಊರಿಗೆ ಹೋಗಿ ತಿಂಗಳಾಗಿತ್ತು. ಬಾಗಿಲಲ್ಲಿ ಅವಳು ಗೋಡೆ ಹಿಡಿದು ನಿಂತದ್ದನ್ನು ಮೊದಲು ನೋಡಿದವಳು ಹೆಂಡತಿ. ಮುಖ ಕೆಂಪೇರಿತ್ತು, ಕಣ್ಣು ಭಾರವಾಗಿತ್ತು.

"ಅತ್ತಿಗೆ, ಏನಾಯ್ತು? ಬನ್ನಿ, ಕೂತ್ಕೊಳ್ಳಿ. ಬಿಪಿ ಮಾತ್ರೆ ತಗೊಂಡ್ರಾ ಇವತ್ತು?"

"ಮಾತ್ರೆನಾ?" ಅಕ್ಕ ಹೆಮ್ಮೆಯಿಂದ ನಕ್ಕಳು. "ಅದನ್ನ ಬಿಟ್ಟು ಯಾವ ಕಾಲ ಆಯ್ತಮ್ಮ. ತಮ್ಮ ಅಚ್ಚು ಹಾಕ್ಸಿದಾನಲ್ಲ. ಕಾಫಿ ಬಿಡೋಕೆ ಪ್ರಾಣ ಹೋದಷ್ಟಾಯ್ತು. ಮಾತ್ರೆ ಬಿಡೋದು ಸುಲಭ ಆಯ್ತಪ್ಪ."

ಕರಡಪ್ಪ ತಿರುಗಿದ. "ಮಾತ್ರೆ ಬಿಡು ಅಂತ ನಾನೆಲ್ಲಿ ಬರೆದೆ?"

ಅಕ್ಕ ಚೀಲದಿಂದ ಕರಪತ್ರ ತೆಗೆದು ಕೊಟ್ಟಳು. ಮಡಿಕೆ ಮಡಿಕೆಯಾಗಿ ಸವೆದಿತ್ತು, ಎಷ್ಟು ಜನಕ್ಕೆ ತೋರಿಸಿದ್ದಳೋ ಏನೋ. ಕರಡಪ್ಪ ಕೊನೆಯ ಸಾಲು ಓದಿದ. ಕಸುಬಿಗೆ ಸೇರಿದ ಮೇಲೆ ಮೊತ್ತಮೊದಲ ಬಾರಿಗೆ ಅರ್ಥ ಹಿಡಿದು ಓದಿದ. ಅಕ್ಷರ ಎಲ್ಲ ಸರಿಯಾಗಿದ್ದವು, ಅಲ್ಪವಿರಾಮ ಇರಬೇಕಾದ ಕಡೆಯಲ್ಲೇ ಇತ್ತು.

"ಅಯ್ಯೋ ಅಕ್ಕಾ, ಇದು ಮಾತ್ರ! ಕಾಫಿ ಮಾತ್ರ ಬೇಡ ಅಂತ! ಅಚ್ಚಿನ ತಪ್ಪು!"

"ಅಚ್ಚಿನ ತಪ್ಪಾ? ನೀನು ನೋಡಿದ್ಮೇಲೆ ತಪ್ಪು ಉಳಿಯುತ್ತಾ?" ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. "ಸುಮ್ನಿರೋ."

ಹೆಂಡತಿ ಆಗಲೇ ಮೆಟ್ಟಿಲಿಳಿದು ಓಡಿದ್ದಳು. ಔಷಧಿ ಅಂಗಡಿಯವರು ಬಿಪಿ ನೋಡುವ ಯಂತ್ರದೊಂದಿಗೆ ಬಂದರು. ಪಟ್ಟಿ ಸುತ್ತಿದರು, ಗಾಳಿ ತುಂಬಿತು, ಇಳಿಯಿತು. ಅಂಕಿ ನೋಡಿದ ಅವರ ಮುಖವೂ ಇಳಿಯಿತು. ಇನ್ನೊಂದು ಸಲ ಸುತ್ತಿದರು. "ಮೇಲಿನದು ಇನ್ನೂರು ದಾಟಿದೆ. ಡಾಕ್ಟರಿಗೆ ಫೋನ್ ಮಾಡ್ತೀನಿ. ಈಗಲೇ ಹೊರಡಬೇಕು."

"ಮೆಟ್ಟಿಲು ಹತ್ತಿ ಬಂದೆನಲ್ಲ, ಅದಕ್ಕೆ," ಎಂದಳು ಅಕ್ಕ. ಅವಳು ಹತ್ತಿದ್ದು ಒಂದೇ ಮಹಡಿ.

ಡಾಕ್ಟರು ಫೋನಿನಲ್ಲಿ, ಅವರ ಮಾತ್ರೆ ಒಂದು ಕೊಟ್ಟು ತಕ್ಷಣ ಕರೆತನ್ನಿ ಎಂದರು. ಹೆಂಡತಿ ನೀರು ತಂದಳು. ಅಕ್ಕ ಬಾಯಿ ಬಿಗಿ ಹಿಡಿದಳು.

"ಸನ್ಮಾನ ಮುಗೀಲಿ. ನಂಗೆ ವೇದಿಕೆ ಮೇಲೆ ಮಾತಾಡೋದಿದೆ."

"ನೀನಾ? ಏನು ಮಾತಾಡ್ತೀಯ?"

"ಅಧ್ಯಕ್ಷರು ಹೇಳಿದಾರೆ. ಮಾತ್ರೆ ಬಿಟ್ಟು ಬರೀ ಸಿಪ್ಪೆ ನೀರಲ್ಲಿ ಗಟ್ಟಿಮುಟ್ಟಾಗಿರೋಳು ನಾನೊಬ್ಳೇ ಅಂತೆ. ನಾನೇ ಸಾಕ್ಷಿ. ಈಗ ಮಾತ್ರೆ ನುಂಗಿ ಅಲ್ಲಿ ಹೋಗಿ ಮಾತ್ರೆ ಮುಟ್ಟಿಲ್ಲ ಅಂತ ಹೇಳ್ಲಾ? ಈ ವಯಸ್ಸಲ್ಲಿ ನನ್ನ ಬಾಯಲ್ಲಿ ಸುಳ್ಳು ಆಡಿಸ್ತೀಯಾ?"

"ಹೇಳೋದೇ ಬೇಡ ಬಿಡಕ್ಕಾ!"

"ನಾನು ಬರದೇ ಇದ್ರೆ ಜನ ಏನಂತಾರೆ? ಸ್ವಂತ ಅಕ್ಕನಿಗೇ ಗುಣ ಆಗಿಲ್ಲ ಅಂತಾರೆ." ಎದ್ದು ನಿಂತಳು. ಓಲಾಡಿದಳು, ಕುರ್ಚಿ ಹಿಡಿದಳು, ನಡೆದೇ ಬಿಟ್ಟಳು. ಅವಳನ್ನು ಹೊತ್ತುಕೊಂಡು ಹೋಗುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಯಾವತ್ತೂ ಇರಲಿಲ್ಲ.

ಸಭಾಂಗಣ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲಿ ಕೂತಳು, ಒಂದು ಪಕ್ಕ ಹೆಂಡತಿ ನೀರಿನ ಲೋಟ ಹಿಡಿದು, ಇನ್ನೊಂದು ಪಕ್ಕ ಔಷಧಿ ಅಂಗಡಿಯವರು ಅಂಗೈಯಲ್ಲಿ ಮಾತ್ರೆ ಹಿಡಿದು. ಅಧ್ಯಕ್ಷರು ಮೈಕಿನ ಮುಂದೆ ಬಂದರು. ಅವರು ಮಾನವನಿಗೆ ಹೊಟ್ಟೆ ಹೇಗೆ ಬಂತು ಎಂಬಲ್ಲಿಂದ ಆರಂಭಿಸಿದರು. ನಾಗರಿಕತೆಗಳು ಬಂದವು, ಹೋದವು, ಹೊಟ್ಟೆ ಉಳಿಯಿತು. ಕರಡಪ್ಪ ವೇದಿಕೆಯ ಮೇಲೆ ಕುರ್ಚಿಯ ತುದಿಯಲ್ಲಿ ಕೂತು ಅಕ್ಕನನ್ನೇ ನೋಡುತ್ತಿದ್ದ. ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. ಅಧ್ಯಕ್ಷರು ತಮ್ಮ ಬಾಲ್ಯಕ್ಕೆ ಹೋದರು.

ತಡೆಯಲಾರದೆ ಕರಡಪ್ಪ ಒಂದು ಚೀಟಿ ಬರೆದು ಮುಂದಕ್ಕೆ ಸರಿಸಿದ. ಅಧ್ಯಕ್ಷರು ಅದನ್ನು ಮೈಕಿನಲ್ಲೇ ಓದಿದರು. "'ದಯವಿಟ್ಟು ಸಾಕು ಮಾಡಿ, ಬೇಗ ಮುಗಿಸಿ.' ನೋಡಿದ್ರಾ! ಹೊಗಳಿಕೆ ಅಂದ್ರೆ ಇವರಿಗೆ ಇಷ್ಟು ಸಂಕೋಚ! ಈ ವಿನಯದ ಬಗ್ಗೆಯೇ ನಾನು ನಾಲ್ಕು ಮಾತು ಹೇಳಬೇಕು..."

ಅಕ್ಕನ ತಲೆ ಒಂದು ಪಕ್ಕಕ್ಕೆ ವಾಲಿತು. ಹೆಂಡತಿ ಹಿಡಿದುಕೊಂಡಳು. ಅಕ್ಕ ಮತ್ತೆ ನೆಟ್ಟಗೆ ಕೂತು, ವೇದಿಕೆಯ ಕಡೆ ನೋಡಿ, ಏನಿಲ್ಲ ಎಂಬಂತೆ ಕೈ ಆಡಿಸಿದಳು. ಕರಡಪ್ಪ ಎದ್ದು ಅಧ್ಯಕ್ಷರ ಕೈಯಿಂದ ಮೈಕು ಕಿತ್ತುಕೊಂಡ.

"ಸ್ವಾಮಿ, ಕ್ಷಮಿಸಿ! ಕರಪತ್ರದಲ್ಲಿ ತಪ್ಪಾಗಿದೆ! ಮಾತ್ರೆ ಅಲ್ಲ, ಮಾತ್ರ! ಯಾರೂ ಮಾತ್ರೆ ಬಿಡಬೇಡಿ! ಅಕ್ಕಾ, ನುಂಗು!"

ಜನ ಚಪ್ಪಾಳೆ ತಟ್ಟಿದರು. "ತನ್ನ ತಪ್ಪು ತಾನೇ ಹೇಳಿಕೊಳ್ಳುವ ದೊಡ್ಡತನ!" ಎಂದರು ಅಧ್ಯಕ್ಷರು.

ಅಕ್ಕ ಕೂತಲ್ಲಿಂದಲೇ ಕೇಳಿದಳು. ಧ್ವನಿ ಸಣ್ಣಗಿತ್ತು. "ನೀರು ನಿಜ ತಾನೇ? ನೀರು ನಿಜ ಅಂದ್ಮೇಲೆ ಮಾತ್ರೆ ಯಾಕೆ ಬೇಕೋ?"

ಕರಡಪ್ಪ ತಬ್ಬಿಬ್ಬಾದ. ನೀರು ನಿಜವೆಂದೇ ಅವನು ನಂಬಿದ್ದ. "ನೀರು ನಿಜ... ನನ್ನ ಪ್ಯಾಂಟೇ ಇದೆಯಲ್ಲ..." ಎನ್ನುತ್ತಿದ್ದಂತೆ ಅಭ್ಯಾಸಬಲದಿಂದ ಅವನ ಹೆಬ್ಬೆರಳು ಸೊಂಟಕ್ಕೆ ಹೋಯಿತು. ಮತ್ತೆ ಚಪ್ಪಾಳೆ. ಅಕ್ಕ ಸಮಾಧಾನದಿಂದ ಹಿಂದಕ್ಕೆ ಒರಗಿದಳು.

ಆಗ ಹೆಂಡತಿ ಎದ್ದು ನಿಂತಳು. ಅವಳು ಸಭೆಯಲ್ಲಿ ಎಂದೂ ಬಾಯಿ ತೆರೆದವಳಲ್ಲ. "ರೀ," ಎಂದಳು. ಇಡೀ ಸಭೆ ತಿರುಗಿತು. "ಆ ಪ್ಯಾಂಟು ನಾನೇ ಬಿಚ್ಚಿಸಿದ್ದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಹೊಲಿಗೆ! ಹೊಲಿಗೆ ಬಿಚ್ಚಿಸಿದ್ದು!" ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಗುಂಡಿ ಕಿತ್ತು ಹೋಯ್ತು ಅಂತ ನೀವು ಬೇಜಾರು ಮಾಡ್ಕೊಂಡಿದ್ರಿ. ಟೈಲರಿಗೆ ಕೊಟ್ಟು ಎರಡು ಬೆರಳು ಅಗಲ ಮಾಡಿಸಿದೆ. ನೀವು ಕರಗಿಲ್ಲ ರೀ. ಒಂದು ಚೂರೂ ಕರಗಿಲ್ಲ."

ಕರಡಪ್ಪ ಸೊಂಟಪಟ್ಟಿ ತಿರುಚಿ ಒಳಗೆ ನೋಡಿದ. ಹಳೇ ಹೊಲಿಗೆಯ ಗೆರೆ ಇತ್ತು, ಅದರಾಚೆ ಬಿಸಿಲು ಕಾಣದ ಬಟ್ಟೆ ಹೊಸದಾಗಿ ಹೊಳೆಯುತ್ತಿತ್ತು. ದಿನಾ ಇಣುಕಿ ನೋಡಿದ ಜಾಗವೇ ಅದು, ಆದರೆ ಆಗೆಲ್ಲ ಅವನು ನೋಡಿದ್ದು ಹೊಟ್ಟೆಯನ್ನು. ಅವನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ನೆಲ ಬಾಯಿಬಿಡಲಿಲ್ಲ, ಅಧ್ಯಕ್ಷರು ಬಿಟ್ಟರು.

"ತೂಕ ನೋಡಿರಲಿಲ್ವೇನ್ರೀ?"

"ಇಲ್ಲ. ನೀವು ಕೇಳಿದ್ರಾ?"

"ಕಣ್ಣಿಗೆ ಕಾಣುತ್ತಲ್ಲ ಅಂತ ನಾನು ಕೇಳಲಿಲ್ಲ." ಅಧ್ಯಕ್ಷರು ಸಾವರಿಸಿಕೊಂಡರು. "ಪ್ಯಾಂಟು ಹೋಗಲಿ ಬಿಡಿ. ನಮಗೆಲ್ಲ ಗುಣವಾಗಿದೆಯಲ್ಲ? ಗುಣವಾದವರು ಕೈ ಎತ್ತಿ!"

ಸಭಾಂಗಣದ ತುಂಬ ಕೈಗಳು ಎದ್ದವು. ಅಕ್ಕನ ಕೈಯೂ ಎದ್ದಿತು. ಔಷಧಿ ಅಂಗಡಿಯವರು ತಲೆ ಮೇಲೆ ಕೈ ಹೊತ್ತರು, ಅದನ್ನೂ ಅಧ್ಯಕ್ಷರು ಲೆಕ್ಕಕ್ಕೆ ಸೇರಿಸಿದರು.

ಕರಡಪ್ಪ ಆ ಕೈಗಳನ್ನು ನೋಡಿದ. "ಒಂದು ನಿಮಿಷ. ಕೈ ಇಳಿಸಿ. ಈಗ, ಆ ನೀರನ್ನ ಒಂದು ದಿನಾನೂ ತಪ್ಪದೆ, ಬರೆದ ಹಾಗೇ ಕುಡಿದವರು ಮಾತ್ರ ಕೈ ಎತ್ತಿ. ನಿಜ ಹೇಳಿ, ನನ್ನಾಣೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಗೀತದ ಟೀಚರು, ತಾನು ಎರಡು ಸಲ ಕುಡಿದು ಉಳಿದದ್ದನ್ನು ಗಿಡಕ್ಕೆ ಹಾಕಿದೆ, ಗಿಡ ಚೆನ್ನಾಗಿದೆ ಎಂದರು. ಇನ್ನೊಬ್ಬರು ಸಿಪ್ಪೆಯ ಬದಲು ಸೌತೆಕಾಯಿಯನ್ನೇ ತಿಂದಿದ್ದರು, ಉಪ್ಪು ಖಾರ ಹಚ್ಚಿಕೊಂಡು. "ಅಧ್ಯಕ್ಷರೇ, ನೀವು?" ಎಂದ ಕರಡಪ್ಪ. ಅಧ್ಯಕ್ಷರು ಮೈಕಿನಿಂದ ಬಾಯಿ ದೂರ ಮಾಡಿ, "ವಾಸನೆ ನೋಡಿದೆ, ಆಗಲಿಲ್ಲ" ಎಂದರು.

ಅಷ್ಟೂ ಸಾಲುಗಳಲ್ಲಿ ಒಂದೇ ಒಂದು ಕೈ ಮೇಲೆದ್ದಿತ್ತು. ಅದು ಅಕ್ಕನದು. ನಡುಗುತ್ತಿತ್ತು.

"ಹೇಳಿದ್ದನ್ನ ಹಾಗೇ ಮಾಡಿದವಳು ಇವಳೊಬ್ಳೇ," ಎಂದ ಕರಡಪ್ಪ. ಮೈಕು ಬೇಕಿರಲಿಲ್ಲ. "ಇವಳ ಗತಿ ನೋಡಿ. ಅಕ್ಕಾ, ನೀರೂ ಸುಳ್ಳು. ನಾನು ಬರೆದದ್ದೆಲ್ಲ ಸುಳ್ಳು. ದಮ್ಮಯ್ಯ, ಕೈ ಇಳಿಸು. ನುಂಗು."

ಅಕ್ಕ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದಳು. "ಹಾಗಾದ್ರೆ ನಾನು ಸಾಕ್ಷಿ ಹೇಳೋದು ಬೇಡ್ವಾ?"

"ಬೇಡ."

ಅಕ್ಕ ಕೈ ಇಳಿಸಿದಳು. ಆ ಕೈಗೆ ಔಷಧಿ ಅಂಗಡಿಯವರು ಮಾತ್ರೆ ಹಾಕಿದರು. ಅವಳು ನುಂಗಿ ನೀರು ಕುಡಿಯುವವರೆಗೆ ಸಭೆ ಎದ್ದು ನಿಂತು ನೋಡಿತು. ಆಮೇಲೆ ಅಧ್ಯಕ್ಷರೇ ತಮ್ಮ ಕಾರು ತೆಗೆದರು. ದಾರಿಯುದ್ದಕ್ಕೂ ಅವರು ಒಂದೂ ಮಾತಾಡಲಿಲ್ಲ, ಅದೊಂದು ದಾಖಲೆ.

ಕಾರಿನಲ್ಲಿ ಅಕ್ಕ ತಮ್ಮನ ಭುಜಕ್ಕೆ ತಲೆ ಇಟ್ಟಿದ್ದಳು. "ಬಾಯಿಗಿಡೋ ಹಾಗಿರಲಿಲ್ಲ ಕಣೋ ಆ ನೀರು."

"ಮತ್ಯಾಕೆ ಕುಡಿದೆ? ತಲೆ ಸುತ್ತಲಿಲ್ವಾ ನಿಂಗೆ?"

"ಮೊದಲನೇ ವಾರದಿಂದಾನೇ ಸುತ್ತಿತು. ಯಾರಿಗೂ ಹೇಳಲಿಲ್ಲ. ನಿನ್ನ ಹೆಸರು ಅಚ್ಚಾಗಿದ್ದು ಅದೊಂದೇ ಕಾಗದ. ಅದನ್ನ ಓದಿದವರಿಗೆ ಗುಣ ಆಗ್ಲಿಲ್ಲ ಅಂತ ಯಾರ ಬಾಯಲ್ಲೂ ಬರಬಾರದು ಅನ್ನಿಸ್ತು. ಅಷ್ಟೇ."

ಕರಡಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಹೆಂಡತಿ ಮುಂದಿನ ಸೀಟಿನಿಂದ ಹಿಂದಕ್ಕೆ ಕೈ ಚಾಚಿ ಅವನ ಮಂಡಿಯ ಮೇಲೆ ಇಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರು ಬಿಪಿ ನೋಡಿದರು, ಎದೆಗೆ ತಂತಿ ಹಚ್ಚಿ ನೋಡಿದರು, ಒಂದು ಗಂಟೆ ಮಲಗಿಸಿ ಮತ್ತೆ ನೋಡಿದರು. ಇಳಿಯುತ್ತಿತ್ತು. ಆಗಷ್ಟೇ ಅವರಿಗೆ ಸಿಟ್ಟು ಮಾಡಲು ಪುರುಸೊತ್ತಾಯಿತು.

"ಇನ್ನೆರಡು ದಿನ ತಡ ಮಾಡಿದ್ರೆ ಕೈಕಾಲು ಬಿದ್ದು ಹೋಗ್ತಿತ್ತಲ್ಲಮ್ಮ! ಮಾತ್ರೆ ನಿಲ್ಲಿಸಿ ಅಂತ ಯಾವ ಮೂರ್ಖ ಹೇಳಿದ್ದು ನಿಮಗೆ?"

ಮಂಚದ ಪಕ್ಕ ನಿಂತಿದ್ದ ಕರಡಪ್ಪ ಒಂದು ಹೆಜ್ಜೆ ಮುಂದಿಟ್ಟ. ಸುಳ್ಳಾಗುತ್ತದೆಂದು ಮಾತ್ರೆಯನ್ನೇ ಬಾಯಿಗೆ ಹಾಕಿಕೊಳ್ಳದ ಅಕ್ಕ, ಡಾಕ್ಟರ ಕಣ್ಣಲ್ಲಿ ಕಣ್ಣಿಟ್ಟು, "ಯಾರೂ ಹೇಳಿಲ್ಲ ಸಾರ್. ನಾನೇ ಮರೆತುಬಿಟ್ಟೆ" ಎಂದಳು.

"ಇಷ್ಟೂ ದಿನ ಮರೆತ್ರಾ?" ಡಾಕ್ಟರು ಚಿಂತೆಗೆ ಬಿದ್ದು ಪೆನ್ನು ಎತ್ತಿಕೊಂಡರು. "ಮರೆವು ಯಾವಾಗಿಂದ ಶುರುವಾಗಿದೆ? ತಲೆಯ ಪರೀಕ್ಷೇನೂ ಮಾಡಿಸಬೇಕಾಗುತ್ತೆ."

"ಅದನ್ನ ಬರೀಬೇಡಿ ಸಾರ್," ಎಂದ ಕರಡಪ್ಪ. "ಅವಳಿಗೆ ಮರೆವಿಲ್ಲ. ಆ ಮೂರ್ಖ ನಾನೇ."

ಡಾಕ್ಟರು ಪೆನ್ನು ಹಿಡಿದುಕೊಂಡೇ ಅಕ್ಕನ ಮುಖ ನೋಡಿದರು. ಅಕ್ಕ ಕೈ ಚಾಚಿ ತಮ್ಮನ ಮೊಣಕೈ ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡಳು.

"ಇವನ ಮಾತು ಕೇಳ್ಬೇಡಿ ಸಾರ್. ಚಿಕ್ಕಂದಿನಿಂದ ಹೀಗೇ, ನಾನು ತಪ್ಪು ಮಾಡಿದ್ರೆ ತನ್ನ ತಲೆ ಮೇಲೆ ಹಾಕ್ಕೋತಾನೆ. ನೀವು ಮರೆವು ಅಂತಲೇ ಬರ್ಕೊಳ್ಳಿ."